‘ಪಕಾಸು ಹಳೆಯದು’ ಎಂದು ವಿಮಾ ಪರಿಹಾರ ಕಡಿತಗೊಳಿಸಬಹುದೇ?

ಪ್ರಶ್ನೆ: ಕುಮಟಾ ತಾಲ್ಲೂಕಿನ ಕಡಲಂಚಿನಲ್ಲಿ ನಮ್ಮದು ಮಂಗಳೂರು ಹೆಂಚಿನ ಮನೆ. ಜೂನ್‌ನ ಒಂದು ರಾತ್ರಿ ಬಿರುಗಾಳಿಗೆ ಹಿತ್ತಲಿನ ತೆಂಗಿನ ಮರ ಮಾಡಿನ ಮೇಲೆ ಬಿದ್ದು ಪಕಾಸುಗಳು (ಹೆಂಚಿನ ಭಾರ ಹೊರುವ ಮಾಡಿನ ಮರಗಳು) ಮುರಿದವು. ಹೆಂಚು ಹಾರಿಹೋದ ಕಡೆಯಿಂದ ಮಳೆನೀರು ಸುರಿದು ಗೋಡೆ, ಕಪಾಟು, ಫ್ರಿಜ್ ಹಾಳಾದವು. ‘ಭಾರತ್ ಗೃಹ ರಕ್ಷಾ’ ಪಾಲಿಸಿಯಡಿ 3,40,000 ರೂಪಾಯಿ ಕೇಳಿದ್ದೆವು. ಮರಮಟ್ಟಿಗೆ ಮೊದಲೇ ಗೆದ್ದಲು ಹಿಡಿದಿತ್ತು, ಸೋರಿಕೆ ನಿರ್ವಹಣೆಯ ಕೊರತೆಯಿಂದಾದದ್ದು ಎಂದು ಹೇಳಿ ಕಂಪನಿಯವರು 85,000 ರೂಪಾಯಿಗೆ ವೋಚರ್ ಕಳುಹಿಸಿದ್ದಾರೆ. ಸಹಿ ಮಾಡಬೇಕೇ?
– ಓದುಗರೊಬ್ಬರು, ಕುಮಟಾ ತಾಲ್ಲೂಕು

ಉತ್ತರ: ‘ಪೂರ್ಣ ಮತ್ತು ಅಂತಿಮ ಪಾವತಿ’ ಎಂದು ಅಚ್ಚಾಗಿರುವ ಆ ವೋಚರ್‌ಗೆ ಈಗಲೇ ಸಹಿ ಹಾಕಬೇಡಿ. ಹಣದ ತುರ್ತು ಇದ್ದರೆ, ‘ಆಕ್ಷೇಪಣೆಯೊಂದಿಗೆ, ಉಳಿದ ಮೊತ್ತದ ಹಕ್ಕನ್ನು ಕಾಯ್ದಿರಿಸಿಕೊಂಡು ಪಡೆಯುತ್ತಿದ್ದೇನೆ’ ಎಂದು ಸಹಿಯ ಮೇಲೆ ಕೈಬರಹದಲ್ಲಿ ಬರೆದು, ಅದರ ಪ್ರತಿಯನ್ನು ಇಟ್ಟುಕೊಳ್ಳಿ. ಸಹಿ ಮಾಡಿದ ಮಾತ್ರಕ್ಕೆ ಪಾಲಿಸಿದಾರರ ಹಕ್ಕು ಮುಗಿಯದು ಎಂದು ವಿಮಾ ನಿಯಂತ್ರಣ ಪ್ರಾಧಿಕಾರವು 2015ರಲ್ಲೇ ಕಂಪನಿಗಳಿಗೆ ಸುತ್ತೋಲೆ ಕಳುಹಿಸಿದೆ. ಆದರೂ ಸ್ವಇಚ್ಛೆಯಿಂದ ಒಪ್ಪಿ ಸಹಿ ಮಾಡಿದ್ದಾರೆಂಬ ವಾದಕ್ಕೆ ಎಡೆ ಕೊಡದಿರುವುದೇ ಜಾಣತನ.

ಇನ್ನು ‘ಹಳೆಯದು’ ಎಂಬ ಮಾತು. ನಮ್ಮ ಜಿಲ್ಲೆಯ ಹೆಂಚಿನ ಮನೆಗಳಲ್ಲಿ ಹೊಸ ಪಕಾಸು ಇರುವ ಮನೆಗಳೆಷ್ಟು? ಸವಕಳಿ ಮತ್ತು ಕ್ರಮೇಣ ಆಗುವ ಹಾನಿ ಪಾಲಿಸಿಯ ವ್ಯಾಪ್ತಿಗೆ ಬರುವುದಿಲ್ಲವೆಂಬುದು ನಿಜ. ಆದರೆ ಪಕಾಸು ಹಳೆಯದಾಗಿತ್ತು ಎನ್ನುವುದು ಬೇರೆ, ಹಳೆಯದಾದ ಕಾರಣಕ್ಕೇ ಮುರಿಯಿತು ಎನ್ನುವುದು ಬೇರೆ. ಎರಡನೆಯದನ್ನು ಸಾಬೀತುಪಡಿಸುವ ಹೊಣೆ ಕಂಪನಿಯದು. ನಿಮ್ಮ ಪಾಲಿಸಿಯಲ್ಲಿ ಬಿರುಗಾಳಿಯೂ ಮರ ಬಿದ್ದು ಆಗುವ ಹಾನಿಯೂ ಸೇರಿವೆ. ಗಾಳಿ ತೆರೆದ ಮಾಡಿನಿಂದಲೇ ನೀರು ಒಳಬಂದಿದ್ದರೆ ಗೋಡೆಯ ಹಾನಿಗೂ ಮೂಲ ಕಾರಣ ಆ ಗಾಳಿಯೇ. ಪ್ರತ್ಯೇಕವಾಗಿ ಬೇಡವೆಂದು ಹೇಳಿರದಿದ್ದರೆ, ಕಟ್ಟಡದ ವಿಮಾ ಮೊತ್ತದ ಶೇ 20ರಷ್ಟು, ಗರಿಷ್ಠ 10 ಲಕ್ಷ ರೂಪಾಯಿವರೆಗೆ ಮನೆಯೊಳಗಿನ ಸಾಮಾನುಗಳಿಗೂ ರಕ್ಷಣೆ ಇರುತ್ತದೆ. ಕಪಾಟು, ಫ್ರಿಜ್‌ಗಳನ್ನು ಏಕೆ ಬಿಟ್ಟರೆಂದು ಕೇಳಿ.

ಮುರಿದ ಪಕಾಸನ್ನು ದಯವಿಟ್ಟು ಬಚ್ಚಲ ಒಲೆಗೆ ಹಾಕಬೇಡಿ. ಭಾರ ಬಿದ್ದು ಮುರಿದ ಮರದ ತುದಿ ಉದ್ದುದ್ದ ಸೀಳಾಗಿ, ಒಳಬಣ್ಣ ಹೊಸದಾಗಿ ಕಾಣುತ್ತದೆ. ಗೆದ್ದಲು ತಿಂದದ್ದರ ಒಳಗೆ ಮಣ್ಣಿನ ಜಾಡು, ಟೊಳ್ಳು ಇರುತ್ತದೆ, ಬೆರಳಲ್ಲಿ ಒತ್ತಿದರೆ ಹುಡಿಯಾಗುತ್ತದೆ. ಹೆಂಚೂ ಅಷ್ಟೇ: ಈಗ ಒಡೆದ ಅಂಚು ಕೆಂಪಗಿರುತ್ತದೆ, ಹಿಂದೆಂದೋ ಬಿರುಕು ಬಿಟ್ಟ ಅಂಚು ಹಾವಸೆ ಕಟ್ಟಿ ಕಪ್ಪಾಗಿರುತ್ತದೆ. ಅಳತೆಪಟ್ಟಿಯನ್ನು ಪಕ್ಕದಲ್ಲಿಟ್ಟು ಹತ್ತಿರದಿಂದ ಫೋಟೊ ತೆಗೆಯಿರಿ. ಅನುಭವಿ ಬಡಗಿಯಿಂದ ಅಥವಾ ಸಾಧ್ಯವಾದರೆ ಸಿವಿಲ್ ಎಂಜಿನಿಯರ್‌ರಿಂದ ಲಿಖಿತ ಅಭಿಪ್ರಾಯ ಪಡೆಯಿರಿ. ಒಂದೆರಡು ಪಕಾಸಿಗೆ ನಿಜವಾಗಿಯೂ ಗೆದ್ದಲು ಹಿಡಿದಿದ್ದರೆ ಮುಚ್ಚಿಡಬೇಡಿ. ಅವುಗಳ ಬೆಲೆಯನ್ನು ಬಿಟ್ಟು ಉಳಿದದ್ದನ್ನು ಕೇಳಿದರೆ ನಿಮ್ಮ ಮಾತಿಗೆ ತೂಕ ಹೆಚ್ಚು.

2021ರ ಮೇ ತಿಂಗಳ ತೌಕ್ತೆ ಚಂಡಮಾರುತಕ್ಕೆ ಇದ್ದಂತೆ ನಿಮ್ಮ ಮನೆಗೆ ಬಡಿದ ಗಾಳಿಗೆ ಹೆಸರಿರಲಿಲ್ಲವೆಂದು ಹಿಂಜರಿಯಬೇಡಿ. ಪಾಲಿಸಿ ಕೇಳುವುದು ಬಿರುಗಾಳಿಯನ್ನು, ಅದರ ಹೆಸರನ್ನಲ್ಲ. ಹವಾಮಾನ ಇಲಾಖೆಗೆ ಕಾರವಾರ ಮತ್ತು ಹೊನ್ನಾವರಗಳಲ್ಲಿ ವೀಕ್ಷಣಾಲಯಗಳಿವೆ. ಆ ದಿನದ ದಾಖಲೆಯನ್ನೂ, ಗ್ರಾಮ ಆಡಳಿತಾಧಿಕಾರಿ (ಹಿಂದಿನ ಗ್ರಾಮ ಲೆಕ್ಕಿಗರು) ಪಂಚನಾಮೆ ಮಾಡಿದ್ದರೆ ಅದರ ಪ್ರತಿಯನ್ನೂ ಪಡೆಯಿರಿ.

ನಂತರ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆದು, ಹಾನಿಯ ಅಂದಾಜು ಮಾಡಿದ ಸರ್ವೇಯರ್ ವರದಿಯ ಪ್ರತಿಯನ್ನೂ, ಯಾವ ಷರತ್ತಿನಡಿ ಎಷ್ಟು ಕಡಿತ ಮಾಡಲಾಗಿದೆ ಎಂಬ ವಿವರವನ್ನೂ ಕೇಳಿ. ಸರ್ವೇಯರ್ ವರದಿಯೇ ಕೊನೆಯ ಮಾತಲ್ಲವೆಂದು ಸುಪ್ರೀಂ ಕೋರ್ಟ್ 2009ರಲ್ಲಿ ಸ್ಪಷ್ಟವಾಗಿ ಹೇಳಿದೆ. ಒಂದು ತಿಂಗಳೊಳಗೆ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಒಂದು ವರ್ಷದೊಳಗೆ ದೂರು ಸಲ್ಲಿಸಬಹುದು. 50 ಲಕ್ಷ ರೂಪಾಯಿವರೆಗಿನ ವಿವಾದಗಳನ್ನು ಅಲ್ಲಿ ಶುಲ್ಕವಿಲ್ಲದೆ, ವಕೀಲರಿಲ್ಲದೆ ವಿಚಾರಿಸುತ್ತಾರೆ. ಅಲ್ಲಿನ ತೀರ್ಪಿಗೆ ಕಂಪನಿ ಬದ್ಧವಾಗಿರಬೇಕು. ಕಾರವಾರದ ಜಿಲ್ಲಾ ಗ್ರಾಹಕರ ಆಯೋಗದ ಬಾಗಿಲೂ ಎರಡು ವರ್ಷ ತೆರೆದಿರುತ್ತದೆ. ಆದರೆ ಪ್ರಕರಣ ಅಲ್ಲಿ ಬಾಕಿಯಿದ್ದರೆ ಒಂಬುಡ್ಸ್‌ಮನ್ ದೂರನ್ನು ಸ್ವೀಕರಿಸುವುದಿಲ್ಲ. ಹಾಗಾಗಿ ನಿಮ್ಮಂಥ ಮೊತ್ತಕ್ಕೆ ಮೊದಲು ಒಂಬುಡ್ಸ್‌ಮನ್ ದಾರಿಯನ್ನೇ ಹಿಡಿಯಿರಿ ಎನ್ನುತ್ತೇನೆ.

ಮಳೆಗಾಲವಿಡೀ ಮಾಡು ತೆರೆದಿಟ್ಟುಕೊಂಡು ಕಾಯುವ ಅಗತ್ಯವಿಲ್ಲ. ಇಂತಹ ದಿನದಿಂದ ದುರಸ್ತಿ ಆರಂಭಿಸುತ್ತೇವೆ, ಮರುಪರಿಶೀಲನೆ ಬೇಕಿದ್ದರೆ ಅದಕ್ಕೂ ಮೊದಲು ಬನ್ನಿ ಎಂದು ಕಂಪನಿಗೆ ಇಮೇಲ್ ಕಳುಹಿಸಿ, ತಾಡಪಾಲಿನ ರಸೀದಿಯಿಂದ ಹಿಡಿದು ಬಡಗಿಯ ಕೂಲಿಯವರೆಗಿನ ಲೆಕ್ಕವನ್ನು ದಿನಾಂಕಸಹಿತ ಬರೆದಿಡಿ.