ಕಂಪನಿಯಲ್ಲಿ ನಡೆಯುವ ಅಕ್ರಮದ ಬಗ್ಗೆ ದೂರು ಕೊಟ್ಟರೆ ಕಾನೂನಿನ ರಕ್ಷಣೆ ಇದೆಯಾ?

ಕೋಲಾರದ ನರಸಾಪುರದ ಕಡೆ ಫ್ಯಾಕ್ಟರಿಯೊಂದರ ಸ್ಟೋರ್‌ನಲ್ಲಿದ್ದೀರಿ, ಬಾರದ ಮಾಲಿಗೆ ಮ್ಯಾನೇಜರ್ ಬಿಲ್ ಪಾಸ್ ಮಾಡುತ್ತಿದ್ದಾರೆ, ಹೇಳಿದರೆ ಕೆಲಸ ಹೋಗುತ್ತಾ ಅಂತ ಕೇಳಿದ್ದೀರಿ.

ಖಾಸಗಿ ನೌಕರರಿಗೆಂದೇ ಮಾಡಿದ ಗಟ್ಟಿ ಕಾನೂನು ನಮ್ಮಲ್ಲಿಲ್ಲ. ಎಲ್ಲರೂ ಹೇಳುವ 2014ರ ವಿಸಲ್ ಬ್ಲೋವರ್ಸ್ (ಅಕ್ರಮ ಬಯಲಿಗೆಳೆಯುವವರ ರಕ್ಷಣೆಯ) ಕಾಯ್ದೆ ಸರ್ಕಾರಿ ನೌಕರರ ಭ್ರಷ್ಟಾಚಾರಕ್ಕೆ ಸಂಬಂಧಿಸಿದ್ದು. ಅದೂ ಸಂಸತ್ತಿನಲ್ಲಿ ಪಾಸಾಯಿತೇ ಹೊರತು ಜಾರಿಗೆ ಬಂದಿಲ್ಲ.

ನಿಮ್ಮ ಕೈಗೆಟಕುವುದು 2013ರ ಕಂಪನಿ ಕಾಯ್ದೆಯ 177ನೇ ಸೆಕ್ಷನ್. ಷೇರುಪೇಟೆಯಲ್ಲಿ ಲಿಸ್ಟ್ ಆದ, ಜನರಿಂದ ಠೇವಣಿ ಪಡೆಯುವ, ಇಲ್ಲವೇ ಬ್ಯಾಂಕುಗಳಿಂದ 50 ಕೋಟಿಗಿಂತ ಜಾಸ್ತಿ ಸಾಲ ಮಾಡಿದ ಕಂಪನಿಗಳು ದೂರು ಕೊಡಲು ವ್ಯವಸ್ಥೆ ಮಾಡಲೇಬೇಕು. ದೂರು ಕೊಟ್ಟವರಿಗೆ ಕಿರುಕುಳ ಆಗದಂತೆಯೂ ನೋಡಿಕೊಳ್ಳಬೇಕು. ಮ್ಯಾನೇಜರ್ ಮೇಲಿನ ದೂರನ್ನು ಅವರ ಕೈಗೇ ಕೊಡೋಕಾಗಲ್ಲ, ಅಲ್ವಾ? ಅಂಥ ಸಂದರ್ಭದಲ್ಲಿ ಆಡಿಟ್ ಕಮಿಟಿ (ಲೆಕ್ಕಪತ್ರದ ಮೇಲೆ ಕಣ್ಣಿಡುವ ಡೈರೆಕ್ಟರ್‌ಗಳ ಸಮಿತಿ) ಅಧ್ಯಕ್ಷರಿಗೇ ನೇರವಾಗಿ ಬರೆಯಬಹುದು. ಕಮಿಟಿ ಇಲ್ಲದ ಕಡೆ ಇದಕ್ಕೆಂದೇ ಗೊತ್ತುಮಾಡಿದ ಡೈರೆಕ್ಟರ್ ಇರುತ್ತಾರೆ. ಈ ದೂರು ವ್ಯವಸ್ಥೆಗೆ ಕಾಯ್ದೆಯಲ್ಲಿರುವ ಹೆಸರು 'ವಿಜಿಲ್ ಮೆಕ್ಯಾನಿಸಂ', ಕಂಪನಿ ವೆಬ್‌ಸೈಟಿನಲ್ಲಿ ಹಾಗಂತಲೇ ಹುಡುಕಿ.

ಬರೆಯುವಾಗ 'ಭಾರೀ ಮೋಸ' ಅಂತ ಸುಮ್ನೆ ಕೂಗಾಡಬೇಡಿ. ಬಿಲ್ ನಂಬರ್, ತಾರೀಕು, ಆ ದಿನ ಗೇಟ್ ರಿಜಿಸ್ಟರ್‌ನಲ್ಲಿ ಲಾರಿ ಎಂಟ್ರಿ ಇಲ್ಲದಿರುವುದು, ಇಷ್ಟು ಸಾಕು. ಈಮೇಲ್‌ನಲ್ಲೇ ಕಳಿಸಿ, ದಿನಾಂಕ ದಾಖಲಾಗುತ್ತದೆ. ಕಂಪನಿಯ ಫೈಲು ಮನೆಗೆ ಒಯ್ದರೆ ಕೇಸು ನಿಮ್ಮ ಮೇಲೇ ತಿರುಗೀತು. ಪದೇ ಪದೇ ಹುರುಳಿಲ್ಲದ ದೂರು ಕೊಟ್ಟವರ ಮೇಲೆ ಕ್ರಮಕ್ಕೂ ನಿಯಮದಲ್ಲಿ ಅವಕಾಶವಿದೆ.

ಪಿಎಫ್ ಕಟ್ಟದಿದ್ದರೆ ಪಿಎಫ್ ಕಚೇರಿಗೆ, ಸಂಬಳ ಅಥವಾ ಓಟಿ ಬಾಕಿಯಿದ್ದರೆ ಕಾರ್ಮಿಕ ಇಲಾಖೆಗೆ ಹೋಗಿ.

ಏಜೆನ್ಸಿ ಮೂಲಕ ಗುತ್ತಿಗೆಯಲ್ಲಿ ಸೇರಿದ್ದೀರಾ? ಹಾಗಿದ್ದರೆ ದೂರಿನ ಬಗ್ಗೆ ಕಂಪನಿ ಮಾಡಿದ ಪಾಲಿಸಿ ಗುತ್ತಿಗೆ ನೌಕರರಿಗೂ ಅನ್ವಯಿಸುತ್ತದಾ ಅಂತ ಮೊದಲು ಓದಿಕೊಳ್ಳಿ.