ಈ ಸಲ ಚೌತಿ ಮಾಡುವುದಾ, ಬಿಡುವುದಾ?

ಶಿರಸಿ ಹತ್ತಿರದ ಹಳ್ಳಿಯಿಂದ ಓದುಗರೊಬ್ಬರು ಬರೆದಿದ್ದಾರೆ. ಶಿವರಾತ್ರಿ ಕಳೆದಾಗಿನಿಂದ ಅವರ ಮಾವನವರಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಗಂಡ ತೋಟದ ಕೆಲಸ ಬಿಟ್ಟು ಕರೆದುಕೊಂಡು ಹೋಗಿ ಬರುತ್ತಾರೆ. ಇಡಗುಂಜಿಗೆ ಹರಕೆ ಹೊತ್ತರೂ ಗುಣ ಕಂಡಿಲ್ಲ. ಈಗ ಚೌತಿ ಬಂತು. 'ನೋಡಲು ಬಂದವರೆಲ್ಲ ಇಷ್ಟರಲ್ಲೇ ಮುಗಿಯಿತಲ್ಲ, ದೇವರಿಗೆ ಕೈಮುಗಿ ಅನ್ನುತ್ತಾರೆ. ನನಗೆ ಹಾಗನ್ನಿಸುವುದೇ ಇಲ್ಲ. ಉಪಕಾರಸ್ಮರಣೆ ಇಲ್ಲದವಳಾಗಿಬಿಟ್ಟೆನಾ? ಈ ಸಲ ಹಬ್ಬ ಬಿಟ್ಟರೆ ತಪ್ಪಾ?' ಎಂದು ಕೇಳಿದ್ದಾರೆ.

ಸಂಪಾದಕರ ಉತ್ತರ:

ಅಕ್ಕಾ, ನಿಮ್ಮ ಪತ್ರದ ಕೊನೆಯಲ್ಲಿ, ಸಹಿಗಿಂತ ಸ್ವಲ್ಪ ಮೇಲೆ, ಒಂದು ಮಾತು ಬರೆದಿದ್ದೀರಿ. ಆಸ್ಪತ್ರೆಯ ಸಿಸ್ಟರ್ ಒಬ್ಬರು ಸೂಜಿ ಚುಚ್ಚುವಾಗ ಮಾವನವರ ಹತ್ತಿರ ಅಡಿಕೆ ಧಾರಣೆ ಕೇಳುತ್ತಾರಂತೆ. ಮಾವ ಚಾಲಿ ಎಷ್ಟು, ರಾಶಿ ಎಷ್ಟು ಅಂತ ಹೇಳುತ್ತಿರುವಾಗಲೇ ಸೂಜಿ ಒಳಗೆ ಹೋಗಿರುತ್ತದಂತೆ. ಡಯಾಲಿಸಿಸ್ ಸೂಜಿ ದಪ್ಪದ್ದು, ಪ್ರತಿ ಸಲ ಎರಡು ಚುಚ್ಚಬೇಕು. ಆ ಸಿಸ್ಟರಿಗೆ ಅಡಿಕೆ ಧಾರಣೆ ಕಟ್ಟಿಕೊಂಡು ಏನಾಗಬೇಕು ಹೇಳಿ. ಅದನ್ನು ನೀವು ಗಮನಿಸಿದಿರಿ, ನೆನಪಿಟ್ಟುಕೊಂಡಿರಿ, ಯಾರೂ ಕೇಳದಿದ್ದರೂ ನಮಗೆ ಬರೆದಿರಿ. ಉಪಕಾರಸ್ಮರಣೆ ಇಲ್ಲದವರು ಹೀಗೆ ಬರೆಯುವುದಿಲ್ಲ.

ನಿಮಗೆ ಬಾರದಿರುವುದು ಬೇರೆ. 'ಇಷ್ಟರಲ್ಲೇ ಮುಗಿಯಿತಲ್ಲ' ಎಂದು ಸಮಾಧಾನ ಪಡುವುದು ನಿಮಗೆ ಬರುತ್ತಿಲ್ಲ. ಬರಬೇಕೆಂದೇನೂ ಇಲ್ಲ. ನಿಮ್ಮ ಮನೆಯಲ್ಲಿ ಏನೂ ಮುಗಿದಿಲ್ಲವಲ್ಲ, ನಾಳೆಯೋ ನಾಡಿದ್ದೋ ಮತ್ತೆ ಆಸ್ಪತ್ರೆಗೆ ಹೋಗುವುದಿದೆ. ಕಾಯಿಲೆಗೆ ಯಾರೂ ಥ್ಯಾಂಕ್ಸ್ ಹೇಳಬೇಕಾಗಿಲ್ಲ. ಕಷ್ಟದಲ್ಲಿ ಜೊತೆ ನಿಂತವರಿಗೆ ಹೇಳಿದರೆ ಅದು ದೇವರಿಗೂ ಮುಟ್ಟುತ್ತದೆ ಅಂತ ನಾನು ನಂಬಿದ್ದೇನೆ.

ಹರಕೆಯ ಬಗ್ಗೆ ಒಂದು ಮಾತು. ಡಯಾಲಿಸಿಸ್ ಕಿಡ್ನಿಯನ್ನು ಗುಣ ಮಾಡುವುದಿಲ್ಲ. ಕಿಡ್ನಿ ಮಾಡಬೇಕಾದ ಕೆಲಸದಲ್ಲಿ ಒಂದು ಪಾಲನ್ನು ಮೆಷಿನ್ ಮಾಡಿಕೊಡುತ್ತದೆ, ಅಷ್ಟೇ. ಹಾಗಾಗಿ 'ಗುಣ ಕಂಡಿಲ್ಲ' ಎಂದು ನಿಮ್ಮ ಪ್ರಾರ್ಥನೆಯಲ್ಲಿ ಕೊರತೆ ಹುಡುಕಬೇಡಿ. ಸಿಟ್ಟು ಬಂದರೆ ಗಣಪತಿಯ ಎದುರೇ ಹೇಳಿಕೊಳ್ಳಿ. ನಮ್ಮ ಕಡೆ ದೇವರನ್ನು ಬೈದು, ಆಮೇಲೆ ಅಲ್ಲೇ ದೀಪ ಹಚ್ಚಿದವರು ಎಷ್ಟೋ ಜನರಿದ್ದಾರೆ.

ಆಸ್ಪತ್ರೆಯ ವಿಷಯದಲ್ಲೂ ಸುಮ್ಮನಿರಬೇಕಾಗಿಲ್ಲ. ನಮ್ಮ ಜಿಲ್ಲೆಯಲ್ಲಿ ದೊಡ್ಡ ಕಾಯಿಲೆ ಅಂದರೆ ಮಣಿಪಾಲ, ಹುಬ್ಬಳ್ಳಿ, ಇಲ್ಲವೇ ಗೋವಾ. 2022ರಲ್ಲಿ ಬೈಂದೂರು ಹತ್ತಿರದ ಶಿರೂರು ಟೋಲ್ ಗೇಟಿನ ಆಂಬುಲೆನ್ಸ್ ಅಪಘಾತ ಆದಮೇಲೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಜನ ಜೋರಾಗಿ ಕೇಳಿದರು. ಕೇಳಬೇಕಾದ್ದೇ. 2016ರಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಘೋಷಣೆಯಾದಾಗ ಬಡವರಿಗೆ ಉಚಿತ ಡಯಾಲಿಸಿಸ್ ಎಂದರು. ಅಂಥದ್ದೂ ಜನ ಕೇಳಿ ಕೇಳಿಯೇ ಬರುವುದು.

ಇನ್ನು ಹಬ್ಬ. ಕಾಯಿಲೆಗೆ ಸೂತಕ ಇಲ್ಲ. ಹಬ್ಬ ನಿಲ್ಲಿಸಲೇಬೇಕು ಅಂತಿಲ್ಲ, ಹೋದ ವರ್ಷದಷ್ಟೇ ಮಾಡಬೇಕು ಅಂತಲೂ ಇಲ್ಲ. ಐದು ದಿನ ಇಡುವ ಮನೆಯವರು ಒಂದೂವರೆ ದಿನಕ್ಕೆ ಕಳಿಸಬಹುದು. ಪುರೋಹಿತರನ್ನು ಕೇಳಿ, ದಾರಿ ಹೇಳುತ್ತಾರೆ. ಆದರೆ ಹಬ್ಬ ಅಂತ ಡಯಾಲಿಸಿಸ್ ಮಾತ್ರ ತಪ್ಪಿಸಬೇಡಿ. ಚೌತಿಯ ದಿನವೇ ಬಂದರೆ ಮೊದಲೇ ಸೆಂಟರಿನಲ್ಲಿ ಮಾತಾಡಿ, ಹಿಂದೆ ಮುಂದೆ ಮಾಡಲಿಕ್ಕೆ ಆಗುತ್ತದಾ ಕೇಳಿ.

ಪ್ರತಿ ವರ್ಷ ಮಾವನವರೇ ಬೆಟ್ಟಕ್ಕೆ ಹೋಗಿ ಗೌರಿ ಹೂವು, ಕಾಡುಕಾಯಿ ತಂದು ಗಣಪತಿಯ ಮೇಲೆ ತೂಗುವ ಫಲಾವಳಿ ಕಟ್ಟುತ್ತಿದ್ದರು ಎಂದು ಬರೆದಿದ್ದೀರಿ. ಈ ಸಲವೂ ಅವರೇ ಕಟ್ಟಿಸಲಿ. ಫಿಸ್ಟುಲಾ, ಅಂದರೆ ಡಯಾಲಿಸಿಸ್ ಸೂಜಿಗೆಂದು ರಕ್ತನಾಳ ಜೋಡಿಸಿದ ಜಾಗ, ಇರುವ ಕೈಯಲ್ಲಿ ಭಾರ ಎತ್ತುವಂತಿಲ್ಲ, ಆದ್ದರಿಂದ ಏಣಿ ಹತ್ತುವುದು, ಬಿಗಿಯುವುದು ಮೊಮ್ಮಗನ ಕೆಲಸ. ಅಜ್ಜ ಕುರ್ಚಿ ಹಾಕಿ ಕೂತು, ಅಡಿಕೆಯ ಸಿಂಗಾರ ಎಲ್ಲಿ, ಮಾದಲಕಾಯಿ ಎಲ್ಲಿ, ಗಂಟು ಯಾವ ಥರ ಅಂತ ಹೇಳಲಿ. ಬೈದರೆ ಬೈಯಲಿ. ಆರು ತಿಂಗಳಿಂದ ಅವರು ಎಲ್ಲರ ಮಾತು ಕೇಳಿಕೊಂಡೇ ಇದ್ದಾರೆ. ಕೈ ಚಾಚು, ಮಲಗು, ನೀರು ಕುಡಿಯಬೇಡ. ಒಂದು ದಿನ ಅವರ ಮಾತು ಮನೆಯಲ್ಲಿ ನಡೆಯಲಿ.

ಇನ್ನು ಮಾವನವರ ಊಟ. ಎಳನೀರು, ಬಾಳೆಹಣ್ಣಿನಲ್ಲಿ ಪೊಟ್ಯಾಶಿಯಂ ಜಾಸ್ತಿ, ಅವರಿಗೆ ಒಳ್ಳೆಯದಲ್ಲ. ಧಾರೆಹುಳಿಯಂತೂ (ಸ್ಟಾರ್ ಫ್ರೂಟ್) ಕಿಡ್ನಿ ಸೋತವರಿಗೆ ವಿಷವೇ, ಒಂದು ಹೋಳೂ ಬೇಡ. ಪಾಯಸ, ಸಾರು, ಮಜ್ಜಿಗೆ ಎಲ್ಲ ದಿನದ ನೀರಿನ ಲೆಕ್ಕಕ್ಕೇ ಸೇರುತ್ತದೆ. ಪಂಚಕಜ್ಜಾಯ ಎಷ್ಟು ಕೊಡಬಹುದು ಎಂದು ಡಾಕ್ಟರನ್ನೇ ಕೇಳಿ. ದೇವರ ಪ್ರಸಾದ ಬೆರಳ ತುದಿಯಷ್ಟು ತಗೊಂಡರೂ ಪ್ರಸಾದವೇ ಅಲ್ವಾ?

ಒಬ್ಬರೇ ಎಲ್ಲ ಹೊರಬೇಡಿ. ನಿಮ್ಮ ಊರಲ್ಲಿ ಚಕ್ಕುಲಿ ಕಂಬಳ ಇನ್ನೂ ನಡೆಯುತ್ತದೆ ಅಂದಿರಿ. ಹತ್ತಾರು ಮನೆಯವರು ಸೇರಿ, ಮಣೆಯ ಸುತ್ತ ಕೂತು, ಕೈಯಲ್ಲೇ ಹಿಟ್ಟು ಹೊಸೆದು ಎಳೆ ಸುತ್ತುವ ಕೆಲಸ. ಒಬ್ಬರಿಂದ ಆಗದ್ದಕ್ಕೇ ಅದು ಕಂಬಳ ಆಗಿದ್ದು. ಈ ಸಲ ನಿಮ್ಮ ಮನೆಯ ಹಿಟ್ಟನ್ನು ಪಕ್ಕದ ಮನೆಗೆ ಕೊಟ್ಟುಬಿಡಿ, ನಿಮ್ಮದನ್ನೂ ಅವರೇ ಸುತ್ತಿ ಕರಿಯಲಿ. ಮುಂದಿನ ವರ್ಷ ಅವರದ್ದನ್ನು ನೀವು ಸುತ್ತಿದರಾಯಿತು. ಸಂಕೋಚ ಬೇಡ. ಸಹಾಯ ಮಾಡಬೇಕೆಂದು ಇದ್ದು, ಏನು ಮಾಡುವುದೆಂದು ಗೊತ್ತಾಗದೆ ಸುಮ್ನೆ ನಿಂತವರೂ ಅಲ್ಲಿ ಇರುತ್ತಾರೆ.

ಆ ಚಕ್ಕುಲಿಯಲ್ಲಿ ಒಂದು ಡಬ್ಬಿ ಸಿಸ್ಟರಿಗೆ ತೆಗೆದಿಡಿ. ಮಾವನವರ ಕೈಯಲ್ಲೇ ಕೊಡಿಸಿ. ಹಬ್ಬದ ಹಿಂದಿನ ಸರದಿಯಲ್ಲೇ ಕೊಟ್ಟರೆ ಒಳ್ಳೆಯದು. ಆಮೇಲೆ ಅವರಿಗೆ ರಜೆ ಇದ್ದರೂ ಇರಬಹುದು.