ಯೋಯೋ ಪೆಟ್ಟಿಗೆಗೆ ಡಾಂಬರು ಗುಳಿಗೆ ಹಾಕಬೇಡಿ

ಅಂಕೋಲಾದ ತಮ್ಮಾ, ಮೊದಲು ಆ ಸ್ಟೀಲ್ ಡಬ್ಬಿಯಿಂದ ಡಾಂಬರು ಗುಳಿಗೆ ಹೊರಗೆ ತೆಗಿ. ನೀನು ಹಾಕಿದ ಫೋಟೋದಲ್ಲಿ ಅಮೆರಿಕದ ಡಂಕನ್ ಕಂಪನಿಯ ಯೋಯೋ, ಆ ಕೆಂಪು ಇಂಪೀರಿಯಲ್‌ಗೆ ತಾಗಿಕೊಂಡೇ ಬಿದ್ದಿವೆ. ಮಳೆಗಾಲಕ್ಕೆ ಅಂತ ಭದ್ರ ಮಾಡಿಟ್ಟೆ, ಈಗ ಮೈಯೆಲ್ಲ ಅಂಟಂಟು, ಥಿನ್ನರ್ ಹಾಕಿ ಒರೆಸ್ಲಾ ಅಂತ ಕೇಳಿದ್ದಿ. ಖಂಡಿತ ಬೇಡ. ಅದು ಕೊಳೆ ಅಲ್ಲ, ಪ್ಲಾಸ್ಟಿಕ್ಕೇ ಮೆತ್ತಗಾಗಿದೆ. ಥಿನ್ನರ್ ಹಚ್ಚಿದ್ರೆ ಉಳಿದಿದ್ದೂ ಕರಗ್ತದೆ.

ಹಳೇ ಯೋಯೋಗಳಲ್ಲಿ ಪಾಲಿಸ್ಟೈರೀನಿನವು ಬಹಳ. ಉಗುರಲ್ಲಿ ತಟ್ಟಿದ್ರೆ ತಗಡಿನ ಹಾಗೆ ಟಣ್ ಅಂತದೆ. ಡಾಂಬರು ಗುಳಿಗೆಯ ನಾಫ್ತಲೀನ್ ಆವಿ ಅದನ್ನ ಮೆತ್ತಗೆ ಮಾಡ್ತದೆ, ಮುಚ್ಚಿದ ಡಬ್ಬಿಯಲ್ಲಂತೂ ಕೇಳೋದೇ ಬೇಡ. ನನ್ನ ಬಟರ್‌ಫ್ಲೈ ಯೋಯೋ ಒಂದು ಹೀಗೇ ಹೋಯ್ತು. ಗುಳಿಗೆ ತಾಗಿದಲ್ಲಿ ಸಣ್ಣ ಕುಳಿ, ಸುತ್ತ ಹೊಳಪು ಸತ್ತು ಮಬ್ಬು, ಸುತ್ತಿಟ್ಟ ಹತ್ತಿಯ ಎಳೆಗಳೆಲ್ಲ ಮೈಯೊಳಗೆ ಹೂತು ಕೂತಿದ್ವು. ಬಿಡಿಸೋಕೆ ಹೋದ್ರೆ ಎಳೆ ಜೊತೆ ಬಂಗಾರದ ಅಕ್ಷರವೂ ಕಿತ್ತು ಬಂತು. ನಿನ್ನ ಪ್ರಶ್ನೆಗೆ ಒಬ್ರು ಗುಳಿಗೆ ಬದಲು ಕರ್ಪೂರ ಇಡು ಅಂದಿದ್ದಾರೆ, ಅದೂ ಬೇಡ. ರಬ್ಬರ್ ಬ್ಯಾಂಡ್, ಮೆತ್ತನೆ ಪಿವಿಸಿ ಚೀಲ ಎರಡೂ ಬೇಡ. ಅವುಗಳಿಂದ ಒಸರೋ ಎಣ್ಣೆಯಂಥದ್ದು ಪ್ಲಾಸ್ಟಿಕ್ಕಿಗೆ ಇಳೀತದೆ.

ಈಗ ಮಾಡಬೇಕಾದ್ದು ಇಷ್ಟೇ. ನೆರಳಲ್ಲಿ, ಗಾಳಿ ಆಡೋ ಕಡೆ, ಏನೂ ತಾಗದ ಹಾಗೆ ಇಟ್ಟು ಸುಮ್ನೆ ಬಿಡು. ಬಿಸಿಲಿಗೆ ಬೇಡ, ಬಿಳಿ ಬಣ್ಣ ಹಳದಿ ಆಗ್ತದೆ. ಗಟ್ಟಿಯಾದ ಮೇಲೆ ಪಾತ್ರೆ ತೊಳೆಯೋ ಸೋಪು ಒಂದು ಹನಿ, ಉಗುರುಬೆಚ್ಚಗಿನ ನೀರು, ಹತ್ತಿ ಕಡ್ಡಿ. ಅಕ್ಷರದ ಮೇಲೆ ಉಜ್ಜಲೇಬೇಡ. ಟೂತ್‌ಪೇಸ್ಟ್ ಹಚ್ಚಿ ಗೀರು ತೆಗೀತೇನೆ ಅನ್ನೋರ ಮಾತು ಕೇಳ್ಬೇಡ, ಹೊಳಪಿನ ಬದಲು ಸಾವಿರ ಗೀರು ಬರ್ತವೆ.

ನಮ್ಮ ಕರಾವಳಿಯಲ್ಲಿ ನಿಜವಾದ ಶತ್ರು ಉಪ್ಪುಗಾಳಿ. ಎರಡು ಬಿಲ್ಲೆಗಳ ನಡುವಿನ ಉಕ್ಕಿನ ಅಚ್ಚಿಗೆ ಸುತ್ತಿದ ನೂಲು ತೇವ ಹಿಡಿದು ತುಕ್ಕು ತರ್ತದೆ. ಜೂನ್‌ಗೆ ಮೊದಲೇ ದಾರ ಬಿಚ್ಚು. ಗಾಳಿ ಆಡದ ಡಬ್ಬಿ, ಒಳಗೆ ತೇವ ಹೀರೋ ಸಿಲಿಕಾ ಜೆಲ್ ಪೊಟ್ಟಣ, ಅದರ ಬಣ್ಣ ಬದಲಾದ್ರೆ ಒಣಗಿಸಿ ಮತ್ತೆ ಹಾಕು. ಅಕ್ಕಿ ಹಾಕಿದ್ರೆ ಹುಳ ಬರ್ತದೆ ಅಷ್ಟೇ. ತಾನಾಗಿ ಕೈಗೆ ವಾಪಸ್ ಬರೋ ಯೋಮೆಗಾ ಬ್ರೇನ್ ಯೋಯೋ ಇದ್ರೆ ಇನ್ನೂ ಜಾಗ್ರತೆ. ತಿರುಗೋ ವೇಗ ಇಳಿದಾಗ ಅಚ್ಚನ್ನ ಹಿಡಿಯೋ ಸಣ್ಣ ಸ್ಪ್ರಿಂಗ್‌ಗಳು ಒಳಗಿವೆ, ಅವಕ್ಕೆ ತುಕ್ಕು ಬಂದ್ರೆ ಅದು ತಾನಾಗಿ ವಾಪಸ್ ಬರೋ ಮಾತೇ ಇಲ್ಲ. ಇಂಪೀರಿಯಲ್‌ನ ಮಾತ್ರ ತಿರುವಿ ಬಿಚ್ಚೋಕೆ ಹೋಗ್ಬೇಡ, ಅದು ಬಿಚ್ಚೋ ನಮೂನೆಯದ್ದಲ್ಲ.

ಇನ್ನು 'ವಿಂಟೇಜ್ ಡಂಕನ್' ಅಂತ ನೀನು ಆ ಇಂಪೀರಿಯಲ್ಲಿಗೆ ಕೊಟ್ಟ ದುಡ್ಡಿನ ವಿಚಾರ. ಇಂಪೀರಿಯಲ್ ಇವತ್ತಿಗೂ ತಯಾರಾಗ್ತದೆ. ಹೆಸರು ನೋಡಿ ಹಳೇದು ಅನ್ನೋದು ತಪ್ಪು. 'ಯೋಯೋ' ಅನ್ನೋ ಪದ 1932ರಿಂದ ಡಂಕನ್ ಟ್ರೇಡ್‌ಮಾರ್ಕ್ ಆಗಿತ್ತು, ರಾಯಲ್ ಅನ್ನೋ ಇನ್ನೊಂದು ಯೋಯೋ ಕಂಪನಿ ಜೊತೆಗಿನ ವ್ಯಾಜ್ಯದಲ್ಲಿ 1965ರಲ್ಲಿ ಅದು ಬಿದ್ದುಹೋಯ್ತು. ನಡುವಿನ ಕಾಲದಲ್ಲಿ ಬೇರೆ ಕಂಪನಿಯವರು ರಿಟರ್ನ್ ಟಾಪ್, ಸ್ಪಿನ್ನರ್ ಅಂತ ಬರೀತಿದ್ರು. ಮೈಮೇಲೆ ಹಾಗಿದ್ರೆ ಆ ಕಾಲದ್ದು ಅನ್ನೋಕೆ ಅದೊಂದು ಸುಳಿವು, ಪೂರ್ತಿ ಸಾಕ್ಷಿ ಅಲ್ಲ. ಡಂಕನ್ ದಿವಾಳಿಯಾಗಿ 1968ರಲ್ಲಿ ಫ್ಲಾಂಬೋ ಅನ್ನೋ ಪ್ಲಾಸ್ಟಿಕ್ ಕಂಪನಿ ಕೈಗೆ ಹೋಯ್ತು, ಪೇಟೆಯಲ್ಲಿ ಸಿಗೋದು ಹೆಚ್ಚಾಗಿ ಆಮೇಲಿನವೇ. ಕೋಕ್ ಹೆಸರಿನ ಯೋಯೋ ಕೊಳ್ಳೋವಾಗಲೂ ಜಾಗ್ರತೆ. ಕೋಕಾ-ಕೋಲಾ 1977ರಲ್ಲಿ ಭಾರತ ಬಿಟ್ಟು 1993ರಲ್ಲಿ ವಾಪಸ್ ಬಂತು. ಹಂಗಿದ್ದ ಮೇಲೆ 'ಎಂಬತ್ತೈದರಲ್ಲಿ ಇಲ್ಲೇ ಕೋಕ್ ಕಂಪನಿ ಹಂಚಿದ ಯೋಯೋ' ಅನ್ನೋರಿಗೆ ಒಂದು ರೂಪಾಯಿ ಹೆಚ್ಚು ಕೊಡ್ಬೇಡ. ಹೊರಗಿಂದ ಬಂದಿರಬಹುದು, ಅದು ಬೇರೆ ಮಾತು. ಯೋಯೋ ಆಡೋಕೆ ಶುರು ಮಾಡೋರಿಗೆ ನನ್ನ ಕೇಳಿದ್ರೆ ರಸೆಲ್ ಸೂಪರ್ ಅನ್ನೋ ಯೋಯೋ ತಗೊಳ್ಳಿ ಅಂತೇನೆ, ಕೈಗೆ ಕೂರೋ ತೂಕ ಅದರದ್ದು.

ಶಿರಸಿ ಮಾರಿಕಾಂಬಾ ಜಾತ್ರೆಯಲ್ಲಿ ಸಿಗೋ ಹಗುರ ಪ್ಲಾಸ್ಟಿಕ್ ಯೋಯೋಗಳನ್ನೂ ಎಸೀಬೇಡಿ ಮಾರಾಯ್ರೆ. ಯಾವ ವರ್ಷದ ಜಾತ್ರೆ, ಎಷ್ಟು ರೂಪಾಯಿ ಅಂತ ಚೀಟಿ ಬರೆದು ಜೊತೆಗಿಡಿ. ಚೀಟಿ ಡಬ್ಬಿಯೊಳಗೆ ಇರಲಿ, ಯೋಯೋ ಮೈಗೆ ಗಮ್ ಟೇಪ್ ಹಚ್ಚಬೇಡಿ. ತಮ್ಮಾ, ಆ ಕೆಂಪು ಇಂಪೀರಿಯಲ್ ಮುಖದ ಅಕ್ಷರ ಓದೋ ಹಾಗೆ ಹತ್ತಿರದಿಂದ ಇನ್ನೊಂದು ಫೋಟೋ ಹಾಕು, ಯಾವ ಕಾಲದ್ದು ನೋಡಿ ಹೇಳ್ತೆ.